ಅಮ್ರುಮ್ ದ್ವೀಪದ ಮಾತಾಡುವ ಕಲ್ಲುಗಳು

ಗೆಳೆಯಾ,

ವೀರಗಲ್ಲು ಹುಡುಕಿಕೊಂಡು ಊರೂರು ಅಲೆಯುವ ನಿನಗೆ ನೆಬೆಲ್ ಎಂಬ ಈ ಊರಿನ ಸುದ್ದಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಜರ್ಮನಿಯ ಉತ್ತರ ಸಮುದ್ರದಲ್ಲಿ ಅಮ್ರುಮ್ ಅಂತ ಒಂದು ಪುಟ್ಟ ದ್ವೀಪ. ಡಾಗೆಬ್ಯೂಲ್ ಬಂದರಿನಿಂದ ಫೆರಿಯಲ್ಲಿ ಸುಮಾರು ಎರಡು ಗಂಟೆ. ಬಂದವರೆಲ್ಲ ಪಡುವಣ ಕಡೆಯ ಅಗಾಧ ಮರಳದಂಡೆಗೆ ಓಡುತ್ತಾರೆ. ನೀನು ಬಂದರೆ ಅತ್ತ ತಲೆ ಹಾಕಬೇಡ, ನೇರ ನೆಬೆಲ್‌ಗೆ ನಡಿ.

ಊರಿನ ಓಣಿಗಳಲ್ಲಿ ಅವಸರ ಮಾಡಿದರೆ ಏನೂ ಸಿಗುವುದಿಲ್ಲ. ಇಟ್ಟಿಗೆಯ ಗೋಡೆ, ಅದರ ಮೇಲೆ ಜೊಂಡಿನ ದಪ್ಪ ಹೊದಿಕೆ. ಬಾಗಿಲ ನೆತ್ತಿಯಲ್ಲಿ ಚೂಪಾಗಿ ಎದ್ದ ಗೋಡೆಯನ್ನು ಅಲಂಕಾರ ಅಂದುಕೊಳ್ಳಬೇಡ: ಮಾಡಿಗೆ ಬೆಂಕಿ ಬಿದ್ದರೆ ಉರಿಯುವ ಜೊಂಡು ಬಾಗಿಲೆದುರು ಸುರಿಯದೆ ಎರಡು ಬದಿಗೆ ಜಾರಲಿ, ಒಳಗಿದ್ದವರು ಪಾರಾಗಲಿ ಅಂತ. 1771ರ ಗಾಳಿಗಿರಣಿ ಈಗ ಮ್ಯೂಸಿಯಂ, ಒಮ್ಮೆ ಇಣುಕಿದರೆ ಸಾಕು.

ಹೊತ್ತು ಕಳೆಯಬೇಕಾದದ್ದು ಸೇಂಟ್ ಕ್ಲೆಮೆನ್ಸ್ ಚರ್ಚಿನ ಅಂಗಳದಲ್ಲಿ. ಚರ್ಚು 13ನೇ ಶತಮಾನದ್ದು, ಗೋಪುರ ಮಾತ್ರ 1908ರದ್ದು. ಸುತ್ತ ನಿಂತ ಹಳೆಯ ಗೋರಿಕಲ್ಲುಗಳನ್ನು ಇಲ್ಲಿನವರು ‘ಮಾತಾಡುವ ಕಲ್ಲು’ ಅನ್ನುತ್ತಾರೆ. ಹುಟ್ಟು ಸಾವಿನ ದಿನ ಬರೆದು ಸುಮ್ಮನಾಗುವ ಕಲ್ಲುಗಳಲ್ಲ ಇವು. ಯಾವಾಗ ಹಡಗು ಹತ್ತಿದ, ಯಾರನ್ನು ಮದುವೆಯಾದ, ಮಕ್ಕಳೆಷ್ಟು, ಎಲ್ಲ ಕೆತ್ತಿದ್ದಾರೆ. ಮೇಲೆ ಪಟ ಬಿಚ್ಚಿದ ಹಡಗು, ಇಲ್ಲವೇ ಹೂಗೊಂಚಲು. ಗೊಂಚಲಿನಲ್ಲಿ ಗಂಡುಮಕ್ಕಳಿಗೊಂದು ಬಗೆಯ ಹೂ, ಹೆಣ್ಣುಮಕ್ಕಳಿಗೆ ಇನ್ನೊಂದು. ತಂದೆತಾಯಿಗಿಂತ ಮುಂಚೆ ತೀರಿಕೊಂಡ ಮಗುವಿನ ಹೂವಿನ ತೊಟ್ಟು ಮುರಿದಿರುತ್ತದೆ. ನಿನ್ನ ವೀರಗಲ್ಲುಗಳಂತೆ ಇಲ್ಲೂ ಚಿತ್ರ ಓದಲು ಬಂದವನಿಗೆ ಅಕ್ಷರ ಬೇಕಿಲ್ಲ.

ಹಾರ್ಕ್ ಓಲುಫ್ಸ್ ಎಂಬವನ ಕಲ್ಲಿನ ಮುಂದೆ ನಾನು ಬಹಳ ಹೊತ್ತು ನಿಂತೆ. 1708ರಲ್ಲಿ ಪಕ್ಕದ ಸುಡ್‌ಡೋರ್ಫ್‌ನಲ್ಲಿ ಹುಟ್ಟಿದವನು. 1724ರಲ್ಲಿ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ, ಕಡಲುಗಳ್ಳರ ಕೈಗೆ ಸಿಕ್ಕಿ ಉತ್ತರ ಆಫ್ರಿಕದ ಅಲ್ಜೀರ್ಸ್‌ನಲ್ಲಿ ಗುಲಾಮನಾಗಿ ಮಾರಾಟವಾದ. ಅಲ್ಲಿನ ಕಾನ್‌ಸ್ಟಂಟೀನ್ ಸೀಮೆಯ ಬೇಯ (ಆಳುವವನ) ಸೇವೆಗೆ ಸೇರಿ, ಖಜಾನೆ ನೋಡಿಕೊಂಡು, ಕೊನೆಗೆ ಕುದುರೆಪಡೆಯ ದಂಡನಾಯಕನೇ ಆಗಿಬಿಟ್ಟ! 1736ರಲ್ಲಿ ಊರಿಗೆ ಮರಳಿ ಮದುವೆಯಾಗಿ, 1754ರಲ್ಲಿ ತೀರಿಕೊಂಡ.

ಆದರೆ ನನ್ನ ನಿದ್ದೆಗೆಡಿಸಿದ್ದು ಇನ್ನೊಬ್ಬ ಹಾರ್ಕ್ (ಇಲ್ಲಿ ಅದೇ ಹೆಸರುಗಳೇ ಸುತ್ತಿಸುತ್ತಿ ಬರುತ್ತವೆ), ಹಾರ್ಕ್ ನಿಕೆಲ್‌ಸೆನ್. ಅವನೂ ಸೆರೆಯಾಗಿ ಅಲ್ಜೀರ್ಸ್‌ನಲ್ಲಿ ಬಿಕರಿಯಾದವನು, ಹಣ ಕೊಟ್ಟು ಬಿಡಿಸಿದ ಮೇಲೆ ಬಿಡುಗಡೆ ಕಂಡವನು. ಆಮೇಲೆ ಕೋಪನ್‌ಹೇಗನ್‌ನ ಕಂಪನಿಗೆ ಕಪ್ತಾನನಾಗಿ, ಗಿನಿ ತೀರದ ಆಫ್ರಿಕನ್ನರನ್ನು ಹಡಗಿನಲ್ಲಿ ತುಂಬಿ ವೆಸ್ಟ್ ಇಂಡೀಸ್‌ಗೆ ಸಾಗಿಸಿದ. ತಾನೇ ಬೆಲೆಗೆ ಬಿದ್ದು ಬಂದವನು ಮಾರಾಯಾ! ಮರೆತಿರಲಾರ. ನೋವು ತಿಂದವನು ಮೆತ್ತಗಾಗುತ್ತಾನೆ ಅನ್ನುವ ನಮ್ಮ ನಂಬಿಕೆಯನ್ನು ಆ ಕಲ್ಲಿನ ಮುಂದೆ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ಅವನು ಸಾಗಿಸಿದವರಿಗೆ ಯಾವ ಅಂಗಳದಲ್ಲಿ ಕಲ್ಲು ನೆಟ್ಟಾರು?

ಹೆಂಗಸರ ಕಥೆಯೂ ಅರೆಬರೆ. ಆ ಕಾಲದಲ್ಲಿ ಗಂಡಸರು ಡಚ್ ತಿಮಿಂಗಿಲಬೇಟೆಯ ಹಡಗುಗಳಲ್ಲಿ ವರ್ಷದ ಅರ್ಧ ಕಳೆದರೆ, ಹೊಲ, ದನ, ಮುದುಕರು ಎಲ್ಲ ಇವರ ತಲೆಯ ಮೇಲೆ. ಕಲ್ಲಿನಲ್ಲಿ ಮಾತ್ರ ಇಂಥವನ ಹೆಂಡತಿ, ಇಷ್ಟು ಮಕ್ಕಳ ತಾಯಿ. ಊರಿನಲ್ಲಿ ಇನ್ನೊಂದು ಚಿಕ್ಕ ಮಸಣವಿದೆ, ದಡಕ್ಕೆ ತೇಲಿಬಂದ ಅನಾಮಿಕರದ್ದು. ಅಲ್ಲಿ ಮರದ ಶಿಲುಬೆ, ಹೆಣ ಸಿಕ್ಕ ದಿನಾಂಕ, ಅಷ್ಟೇ.

ಬರುವುದಾದರೆ ಬೇಸಿಗೆಯಲ್ಲೇ ಬಾ. ಇಳಿತದ ಹೊತ್ತಿಗೆ ಕಡಲ ಕೆಸರು ತುಳಿದು ಪಕ್ಕದ ಫ್ಯೋರ್ ದ್ವೀಪಕ್ಕೇ ನಡೆದು ಹೋಗಬಹುದು. ದಾರಿ ಬಲ್ಲ ಗೈಡ್ ಜೊತೆಗಿರಬೇಕು. ಅಲ್ಲಿ ‘ಅದೃಷ್ಟದ ಮಥಿಯಾಸ್’ ಎಂಬ ಕಪ್ತಾನನ ಕಲ್ಲಿದೆ. 373 ತಿಮಿಂಗಿಲ ಹಿಡಿದನಂತೆ, ಅದನ್ನು ಲ್ಯಾಟಿನ್‌ನಲ್ಲಿ ಕೆತ್ತಿಸಿದ್ದಾರೆ. ನಿನ್ನ ಜೊತೆಯಲ್ಲೇ ನೋಡೋಣ ಅಂತ ಬಿಟ್ಟಿದ್ದೇನೆ.

ನಿನ್ನವ