ಹೋಗು, ಆದರೆ ಹೆದರಿಸಲು ಹೋಗಬೇಡ

ಪ್ರೀತಿಯ ಗೆಳೆಯಾ,

ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಚಟ ಬಿಟ್ಟು ಬಂದ ನಿನ್ನನ್ನು ಕಾಲೇಜಿನವರು ಭಾಷಣಕ್ಕೆ ಕರೆದಿದ್ದಾರೆ, ಹೋಗಲಾ ಬೇಡವಾ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಈ ಪತ್ರ. ನೀನು ಒಪ್ಪಿದ್ದಕ್ಕೆ ನಾಲ್ಕು ಜನ ಓದುವ ಹಾಗೆ ಇಲ್ಲಿ ಹಾಕುತ್ತಿದ್ದೇನೆ. ನಿನ್ನ ಹೆಸರಾಗಲಿ, ಚಟ ಬಿಡಲು ನೋಡುತ್ತಿರುವ ಆ ಹುಡುಗನ ಹೆಸರಾಗಲಿ ಎಲ್ಲೂ ಬರೆದಿಲ್ಲ.

ಹೋಗು ಮಾರಾಯ. ಆದರೆ ಹೆದರಿಸಲು ಹೋಗಬೇಡ. ಸಾಮಾನ್ಯವಾಗಿ ಕರೆಯುವವರಿಗೆ ಬೇಕಾಗಿರುವುದು ಅದೇ. ಜೈಲಿನ ಊಟ, ನಿದ್ದೆಯಿಲ್ಲದ ರಾತ್ರಿ, ಅಮ್ಮನ ಕಣ್ಣೀರು ಎಲ್ಲವನ್ನೂ ನಿನ್ನ ಬಾಯಿಂದ ಹೇಳಿಸಿ, ಶಾಲು ಹೊದೆಸಿ ಕಳಿಸುತ್ತಾರೆ. ಅಮೆರಿಕದಲ್ಲಿ 1970ರ ದಶಕದಲ್ಲೇ ಇದನ್ನು ಮಾಡಿ ನೋಡಿದ್ದಾರೆ. ನ್ಯೂಜೆರ್ಸಿಯ ರಾಹ್‌ವೇ ಜೈಲಿನೊಳಗೆ ಹುಡುಗರನ್ನು ಕೂರಿಸಿ, ಜೀವಾವಧಿ ಶಿಕ್ಷೆಯ ಕೈದಿಗಳಿಂದ ಬೈಸಿ, ಬೆದರಿಸಿ ಕಳಿಸುತ್ತಿದ್ದರು. ಅಂಥ ಕಾರ್ಯಕ್ರಮಗಳ ಮೇಲೆ ನಡೆದ ಅಧ್ಯಯನಗಳನ್ನು ಆಮೇಲೆ ಒಟ್ಟು ಸೇರಿಸಿ ನೋಡಿದಾಗ ಗೊತ್ತಾಗಿದ್ದೇನು? ಹೆದರಿಸಿಕೊಂಡು ಬಂದ ಹುಡುಗರೇ ಉಳಿದವರಿಗಿಂತ ಜಾಸ್ತಿ ಅಪರಾಧಕ್ಕೆ ಇಳಿದಿದ್ದರು.

ನಿನಗೆ ಬರುವ ಕೆಲಸ ಬೇರೆಯೇ ಇದೆ. ಮೊನ್ನೆ ಮಲ್ಪೆಗೆ ಬಂದಾಗ ಅದನ್ನು ಕಣ್ಣಾರೆ ನೋಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ನಿಂತಿವೆ. ಬೋಟಿನಲ್ಲಿ ದುಡಿಯುವ ಕಲಾಸಿ ಹುಡುಗರ ಕೈಯಲ್ಲಿ ಸ್ವಲ್ಪ ದುಡ್ಡಿದೆ, ಮುಂದೆ ಎರಡು ತಿಂಗಳು ಕೆಲಸವಿಲ್ಲ. ಹಾಳಾಗುವುದು ಈ ಖಾಲಿ ಹೊತ್ತಿನಲ್ಲೇ ಅಂತ ನೀನೇ ಹೇಳುತ್ತಿದ್ದೆ, ಅಲ್ವಾ? ಆ ಹುಡುಗ ಶೆಡ್ಡಿನಲ್ಲಿ ನಿನ್ನ ಪಕ್ಕ ಕೂತು ಹರಿದ ಬಲೆ ಸರಿ ಮಾಡುತ್ತಿದ್ದ. ಕೈ ನಡುಗಿ ಸೂಜಿ ಮತ್ತೆ ಮತ್ತೆ ಬಲೆಯ ಕಣ್ಣು ತಪ್ಪುತ್ತಿತ್ತು. ನೀನು ಸೂಜಿ ಕಿತ್ತುಕೊಳ್ಳಲಿಲ್ಲ. ಏನಾಯಿತು ಅಂತಲೂ ಕೇಳಲಿಲ್ಲ. ಬಲೆಯ ಅಂಚನ್ನು ನಿನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿದೆ, ಅಷ್ಟೇ. ಸುಮಾರು ಹೊತ್ತಾದ ಮೇಲೆ ಅವನೇ ಬಾಯಿ ಬಿಟ್ಟ. "ಅಣ್ಣ, ನಿನ್ನೆ ಕಣ್ಣೇ ಮುಚ್ಚಲಿಲ್ಲ." ನೀನು ಬಲೆಯಿಂದ ಕಣ್ಣೆತ್ತದೆ ಅಂದೆ: "ನಂಗೂ ಹಾಗೇ ಆಗ್ತಿತ್ತು. ಇವತ್ತೂ ಬರದಿದ್ರೆ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಸರಿ."

ಆ ಮಾತು ಅವನಿಗೆ ಬೇರೆ ಯಾರಿಂದಲೂ ಸಿಗುವುದಿಲ್ಲ. ನಾನು ಹೇಳಿದ್ದರೆ ಅದು ಉಪದೇಶವಾಗುತ್ತಿತ್ತು.

ಕಾಲೇಜಿನಲ್ಲಿ ಏನು ಹೇಳಲಿ ಅಂತೀಯಾ? ನಿನ್ನ ಕೇಸಿನಲ್ಲಿ ನೀನು ಕಲಿತದ್ದನ್ನು ಹೇಳು. "ಈ ಪಾರ್ಸೆಲ್ ಅಲ್ಲಿ ಕೊಟ್ಟು ಬಾ" ಅಂದಾಗ ಹುಡುಗರಿಗೆ ಅದು ಪೆಟ್ರೋಲ್ ಖರ್ಚಿನ ವಿಷಯ, ಅಷ್ಟೇ. ಆದರೆ ಅದರೊಳಗೆ ಎಂಡಿಎಂಎ ಅನ್ನುವ ಮಾದಕ ವಸ್ತು 10 ಗ್ರಾಂ ದಾಟಿದರೆ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತು ತಡೆ ಕಾನೂನಿನಲ್ಲಿ, ಅದು ವಾಣಿಜ್ಯ ಪ್ರಮಾಣ. ಸಾಬೀತಾದರೆ ಕಡಿಮೆಯೆಂದರೂ 10 ವರ್ಷ, ಜಾಮೀನು ಸಿಗುವುದೂ ಬಹಳ ಕಷ್ಟ. ಕೇಸು ನಡೆಯುತ್ತಿದ್ದರೆ ಕೋರ್ಟಿನ ಅನುಮತಿ ಇಲ್ಲದೆ ಪಾಸ್‌ಪೋರ್ಟ್ ಸಿಗುವುದಿಲ್ಲ. ದುಬೈ, ಕತಾರ್ ಅಂತ ಲೆಕ್ಕ ಹಾಕಿ ಕೂತ ನಮ್ಮ ಕರಾವಳಿಯ ಹುಡುಗರಿಗೆ ಇದು ನರಕದ ವರ್ಣನೆಗಿಂತ ಬೇಗ ಅರ್ಥವಾಗುತ್ತದೆ. ಅವರನ್ನು ದೊಡ್ಡವರ ಹಾಗೆ ನೋಡಿ, ನಿಜವನ್ನು ನಿಜದ ಹಾಗೆ ಹೇಳಿದಂತೆಯೂ ಆಗುತ್ತದೆ.

ಇನ್ನೊಂದು ಮಾತು ಅಪ್ಪ ಅಮ್ಮಂದಿರಿಗೆ ಖಂಡಿತ ಹೇಳು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸರು ಬರುತ್ತಾರೆ ಅಂತ ಎಷ್ಟೋ ಮನೆಯವರು ಮಗನನ್ನು ಕೋಣೆಯಲ್ಲಿ ಕೂಡಿ ಹಾಕುತ್ತಾರೆ. ವಕೀಲರ ಆಫೀಸಿನಲ್ಲಿ ಕೂತು ಇದನ್ನು ಕೇಳಿ ಕೇಳಿ ನನಗೆ ಸಂಕಟವಾಗುತ್ತದೆ. ಅದೇ ಕಾಯ್ದೆಯ 64ಎ ಕಲಮು ಓದಿದರೆ ಸಾಕು. ಚಟಕ್ಕೆ ಬಿದ್ದವನು, ಸೇವನೆಯದ್ದೋ ಸಣ್ಣ ಪ್ರಮಾಣದ್ದೋ ಕೇಸು ಮೈಮೇಲಿದ್ದರೂ, ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಆ ಕೇಸಿನಿಂದ ರಕ್ಷಣೆ ಇದೆ. ಅರ್ಧಕ್ಕೆ ಬಿಟ್ಟು ಬಂದರೆ ಅದು ಹೋಗಬಹುದು. ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದವರಿಗೆ 14446 ಸಹಾಯವಾಣಿ ಇದೆ, ಹಣ ಕೊಡಬೇಕಾಗಿಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆ.

ಈಗ ಆ ಹುಡುಗನ ವಿಷಯ. ಅವನ ನಡುಕ ನನಗೆ ಸರಿ ಕಾಣಲಿಲ್ಲ. ಅವನು ಪೌಡರ್ ಜೊತೆಗೆ ಬೆಳಿಗ್ಗೆಯಿಂದಲೇ ಕುಡಿಯುತ್ತಿದ್ದ, ನಿನ್ನ ಮಾತಿಗೆ ಒಮ್ಮೆಲೇ ಬಿಟ್ಟ ಅಂದೆಯಲ್ಲ. ಅಷ್ಟು ಕುಡಿಯುವವರು ಹಾಗೆ ದಿಢೀರ್ ಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆಯಾಗಿ ಏನೇನೋ ಮಾತಾಡಬಹುದು, ಜೀವಕ್ಕೇ ಅಪಾಯ. ನಿನ್ನ ಪ್ರೀತಿ ಎಷ್ಟಿದ್ದರೂ ಅದಕ್ಕೆ ಡಾಕ್ಟರೇ ಬೇಕು. ಮತ್ತೆ ಕುಡಿದರೂ ಬೈಯಬೇಡ. ಮುಂದಿನ ಸಲ ಆಸ್ಪತ್ರೆಯಲ್ಲಿದ್ದುಕೊಂಡೇ ಬಿಡಲಿ.

ನಿನಗೂ ಒಂದು ಮಾತು. ರಾತ್ರಿಯೆಲ್ಲ ಫೋನ್ ಎತ್ತುತ್ತೀ, ಬೆಳಗಾದರೆ ಐಸ್ ಪ್ಲಾಂಟಿನ ಕೆಲಸ. ಚಟ ಬಿಟ್ಟವರೆಲ್ಲ ಸೇರುವ ನಿನ್ನ ವಾರದ ಸಭೆ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡ. ಇನ್ನೊಬ್ಬ ಹುಡುಗ ಕಾಯುತ್ತಿದ್ದರೂ ಸರಿ, ಕಾಯಲಿ. ಅವರಿಗೆಲ್ಲ ನೀನು ಗಟ್ಟಿಯಾಗಿರುವುದು ಬೇಕು.

ಸೋಮವಾರ ರಜೆ ಹಾಕಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಮಂಗಳೂರಿನಿಂದ ಹೊರಡುತ್ತೇನೆ. ಆ ಹುಡುಗನ ಅಮ್ಮನಿಗೆ ಇವತ್ತೇ ಹೇಳಿಡು, ಆಧಾರ್ ಕಾರ್ಡ್ ತೆಗೆದಿಡಲಿ, ನಾವು ನಾಲ್ವರೂ ಒಟ್ಟಿಗೇ ಆಸ್ಪತ್ರೆಗೆ ಹೋಗುವ. ಅದಕ್ಕೂ ಮೊದಲೇ ನಡುಕ ಜಾಸ್ತಿಯಾದರೆ ನನಗೆ ಕಾಯಬೇಡ, ಕೂಡಲೇ ಕರೆದುಕೊಂಡು ಹೋಗು.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಗೆಳೆಯ