ಗೊಬ್ಬರದ ಅಂಗಡಿಯ ಗಾಜಿನ ಲೋಟ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ‘ನಿಗೂಢ ರೋಗಕ್ಕೆ ಟೊಮೆಟೊ ಬಲಿ’ ಎಂಬ ಸುದ್ದಿ ನೋಡಿದೆ. ಫೋಟೊದಲ್ಲಿ ರೈತರೊಬ್ಬರು ಬಾಡಿದ ಗಿಡ ಹಿಡಿದು ನಿಂತಿದ್ದರು. ಎಲೆ ಹಸಿರಾಗೇ ಇತ್ತು. ಗಿಡ ಮಾತ್ರ ಬಿಸಿನೀರು ಸುರಿದ ಹಾಗೆ ಜೋತುಬಿದ್ದಿತ್ತು. ನೋಡಿದ ಕೂಡಲೇ ಒಂದು ರೋಗದ ಹೆಸರು ನನ್ನ ಬಾಯಿಗೆ ಬಂತು. ಹೀಗೆ ಬಾಯಿಗೆ ಬಂದ ಹೆಸರು ಹೇಳಿಯೇ ನಾನು ಎಷ್ಟೋ ತೋಟ ಹಾಳು ಮಾಡಿದ್ದೇನೆ. ಅದನ್ನು ಹೇಳಿಕೊಳ್ಳೋಣ ಅಂತಲೇ ಈ ಪತ್ರ.

ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ 22 ವರ್ಷದಿಂದ ಗೊಬ್ಬರ, ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಬೆಳೆಗೆ ಡಾಕ್ಟರು ಅಂದರೆ ನಾವೇ. ರೈತರು ಜೇಬಿನಿಂದ ಒಂದು ಎಲೆ ತೆಗೆದು ಕೌಂಟರ್ ಮೇಲೆ ಇಡುತ್ತಾರೆ. ಅಷ್ಟು ಹೊತ್ತಿಗೆ ಅದು ಮುದುಡಿ ಬೀಡಿಯ ಹಾಗೆ ಆಗಿರುತ್ತದೆ. ‘ಇದಕ್ಕೇನಾದ್ರೂ ಕೊಡಣ್ಣ’ ಅನ್ನುತ್ತಾರೆ. ನಾನು ಕೊಡುತ್ತೇನೆ. ಕೊಡದೆ ಕಳಿಸಿದರೆ ಎದುರಿನ ಅಂಗಡಿಯವನು ಕೊಡುತ್ತಾನೆ, ಅದೂ ಎರಡು ಡಬ್ಬ ಜಾಸ್ತಿಯೇ.

2023ರ ಜುಲೈ ನಿಮಗೆ ನೆನಪಿರಬೇಕು. ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಕ್ರೇಟು ಎರಡು ಸಾವಿರ ರೂಪಾಯಿ ದಾಟಿತ್ತು. ರಾತ್ರಿ ತೋಟಕ್ಕೆ ಕಾವಲು ಕೂರುತ್ತಿದ್ದ ಕಾಲ ಅದು. ನಮ್ಮ ಪಕ್ಕದ ಹಳ್ಳಿಯ ಒಬ್ಬ ಹುಡುಗ ಒಂದೂವರೆ ಎಕರೆ ಹಾಕಿದ್ದ. ಕಾಯಿ ತುಂಬಿಕೊಂಡಿತ್ತು. ‘ಅಣ್ಣ, ನೆನ್ನೆ ಚೆನ್ನಾಗಿದ್ದ ಗಿಡ ಇವತ್ತು ನಿಂತಂಗೇ ಬಾಡ್ತಾ ಇದೆ’ ಎಂದು ಓಡಿಬಂದ. ಸೊರಗು ರೋಗ ಅಂದೆ. ಕಾರ್ಬೆಂಡಜಿಮ್ ಕೊಟ್ಟು, ನೀರಿಗೆ ಬೆರೆಸಿ ಬುಡಕ್ಕೆ ಸುರಿ, ಅಂದರೆ ಡ್ರೆಂಚಿಂಗ್ ಮಾಡು ಅಂದೆ. ನಾಲ್ಕು ದಿನ ಬಿಟ್ಟು ಬಂದ. ಮೆಟಲಾಕ್ಸಿಲ್ ಕೊಟ್ಟೆ. ಮತ್ತೆ ಬಂದ. ಅದೇ ಹೊತ್ತಿಗೆ ಅಂಗಡಿಯಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಕೃಷಿ ಕಾಲೇಜಿನವರು ಕೊನೆಯ ವರ್ಷ ಕೆಲವು ತಿಂಗಳು ಹಳ್ಳಿಯಲ್ಲಿ ಇದ್ದು ಕಲಿಯುತ್ತಾರಲ್ಲ, ಆ ತಂಡದವಳು. ನಾನು ಮೂರನೇ ಡಬ್ಬಕ್ಕೆ ಕೈ ಹಾಕಿದ್ದೆ. ‘ಅಂಕಲ್, ಒಂದು ಗಾಜಿನ ಲೋಟ ಸಿಗುತ್ತಾ?’ ಅಂದಳು.

ನಮ್ಮ ಅಂಗಡಿಯಲ್ಲಿ ಇದ್ದದ್ದು ಸ್ಟೀಲ್ ಲೋಟ. ಪಕ್ಕದ ಟೀ ಅಂಗಡಿಯಿಂದ ಗಾಜಿನದು ತರಿಸಿದೆ. ಅವಳು ಹುಡುಗ ತಂದಿದ್ದ ಗಿಡದ ಕಾಂಡವನ್ನು ಬುಡದ ಹತ್ತಿರ ಬ್ಲೇಡಿನಿಂದ ಎರಡು ಇಂಚು ಕತ್ತರಿಸಿದಳು. ಸೀಳಿ ನೋಡಿದರೆ ಒಳಗಿನ ನಾಳ ಕಂದು ಬಣ್ಣಕ್ಕೆ ತಿರುಗಿತ್ತು. ‘ಇದೊಂದೇ ನೋಡಿ ಹೇಳೋಕಾಗಲ್ಲ, ಶಿಲೀಂಧ್ರದ (ಫಂಗಸ್) ಸೊರಗಿನಲ್ಲೂ ಕಂದು ಆಗುತ್ತೆ’ ಅಂದಳು. ಇನ್ನೊಂದು ತುಂಡು ಕತ್ತರಿಸಿ, ಸೇಫ್ಟಿ ಪಿನ್ ಚುಚ್ಚಿ ಲೋಟದ ಬಾಯಿಗೆ ಅಡ್ಡ ನಿಲ್ಲಿಸಿದಳು. ತುದಿ ಮಾತ್ರ ನೀರಿಗೆ ಮುಟ್ಟುವ ಹಾಗೆ. ಲೋಟ ಅಲುಗಿಸಬೇಡಿ ಅಂದಳು. ನಾವು ಮೂವರೂ ಬಗ್ಗಿ ನೋಡುತ್ತಾ ನಿಂತೆವು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಕತ್ತರಿಸಿದ ತುದಿಯಿಂದ ಬೆಳ್ಳಗೆ ಒಂದು ಎಳೆ ಇಳಿಯಿತು. ಊದುಬತ್ತಿಯ ಹೊಗೆ ಮೇಲಕ್ಕೆ ಹೋಗುವ ಬದಲು ಕೆಳಕ್ಕೆ ಹೋದರೆ ಹೇಗಿರುತ್ತೆ, ಹಾಗೆ. ಐದು ನಿಮಿಷಕ್ಕೆ ಲೋಟದ ತಳದಲ್ಲಿ ನೀರು ಮಜ್ಜಿಗೆ ತೊಳೆದ ಹಾಗಾಯಿತು.

ಆ ಬಿಳಿ ಎಳೆ ಅಂದರೆ ಕಾಂಡದಿಂದ ಇಳಿದ ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ಅದು ದುಂಡಾಣು ಸೊರಗು ರೋಗ. ನಾನು ಕೊಟ್ಟಿದ್ದ ಎರಡೂ ಡಬ್ಬ ಶಿಲೀಂಧ್ರಕ್ಕೆ. ದುಂಡಾಣುವಿಗೆ ಅದು ಏನೂ ಮಾಡುವುದಿಲ್ಲ. ಅಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂದುಕೊಳ್ಳಬಹುದಿತ್ತು. ಈ ದುಂಡಾಣು ಮಣ್ಣಿನಲ್ಲಿದ್ದು ನೀರಿನ ಜೊತೆ ಹರಡುತ್ತದೆ. ನನ್ನ ಮಾತು ಕೇಳಿ ಬುಡ ಬುಡಕ್ಕೆ ನೀರು ಸುರಿದು, ಅದೇ ಕೈಯಲ್ಲಿ, ಅದೇ ಗುದ್ದಲಿಯಲ್ಲಿ ಸಾಲು ಸಾಲು ಓಡಾಡಿ, ಆ ಹುಡುಗ ರೋಗವನ್ನು ತಾನೇ ಬಡಿಸಿಕೊಂಡು ಹೋಗಿದ್ದ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಲೋಟದ ಪರೀಕ್ಷೆ ನನಗೆ ಗೊತ್ತಿತ್ತು! ಅಂಗಡಿಯವರಿಗೆ ಒಂದು ವರ್ಷದ ‘ದೇಸಿ’ ಡಿಪ್ಲೊಮಾ ಇದೆ. ಕೃಷಿ ವಿಸ್ತರಣೆಯ ತರಬೇತಿ ಕೊಡುವ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಶುರು ಮಾಡಿದ್ದು. ಲೈಸೆನ್ಸ್ ಉಳಿಯಬೇಕಲ್ಲ ಅಂತ ನಾನೂ ವಾರಕ್ಕೊಂದು ದಿನ ಹೋಗಿ ಕೂತಿದ್ದೆ. ಈ ಪರೀಕ್ಷೆಯನ್ನು ಚಿತ್ರ ಸಮೇತ ಬರೆದು ಅಂಕ ತೆಗೆದುಕೊಂಡಿದ್ದೆ. ಕೌಂಟರ್ ಮೇಲೆ ಒಂದು ಸಲವೂ ಮಾಡಿರಲಿಲ್ಲ.

ಆ ತರಗತಿಯಲ್ಲಿ ಮೇಷ್ಟ್ರು ಹೇಳಿದ ಒಂದು ಕಥೆ ಈಗ ಜಾಸ್ತಿ ನೆನಪಾಗುತ್ತದೆ. 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಎಂಬ ವಿಜ್ಞಾನಿ ಟೊಮೆಟೊ, ಬದನೆ, ಆಲೂಗಡ್ಡೆ ಸೊರಗಲು ದುಂಡಾಣು ಕಾರಣ ಎಂದು ಬರೆದರು. ಗಿಡಗಳಿಗೆ ದುಂಡಾಣುವಿನಿಂದ ರೋಗ ಬರುತ್ತದೆ ಅನ್ನುವುದನ್ನೇ ಜರ್ಮನಿಯ ಆಲ್ಫ್ರೆಡ್ ಫಿಷರ್ ಒಪ್ಪಲಿಲ್ಲ. ಇಬ್ಬರೂ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಜಗಳವಾಡಿದರು. ಕೊನೆಗೆ ಗೆದ್ದದ್ದು ಸ್ಮಿತ್. ಆದರೆ ನಮ್ಮ ಅಂಗಡಿಗಳ ಶೆಲ್ಫ್ ನೋಡಿದರೆ ಫಿಷರ್ ಗೆದ್ದ ಹಾಗಿದೆ. ಮುಕ್ಕಾಲು ಭಾಗ ಕೀಟಕ್ಕೆ, ಶಿಲೀಂಧ್ರಕ್ಕೆ.

ದುಂಡಾಣುವಿಗೆ ಅಂತ ನಮ್ಮ ಹತ್ತಿರ ಇರುವುದು ತಾಮ್ರದ ಔಷಧಿ, ಇನ್ನೊಂದು 6 ಗ್ರಾಂ ಪೊಟ್ಟಣದ ಸ್ಟ್ರೆಪ್ಟೊಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್. ಅದರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಮನುಷ್ಯರ ಕ್ಷಯಕ್ಕೆ ಮೊದಲು ಸಿಕ್ಕ ಮದ್ದು ಅಂದರೆ ಇದೇ ಸ್ಟ್ರೆಪ್ಟೊಮೈಸಿನ್. ನಾವು ಅದನ್ನು ಉಪ್ಪಿನಕಾಯಿ ನೆಂಚಿಕೊಂಡ ಹಾಗೆ ಎಲ್ಲದರ ಜೊತೆಗೂ ಕೊಡುತ್ತೇವೆ. ವೈರಸ್ ಇದ್ದರೂ ಒಂದು ಪೊಟ್ಟಣ, ಶಿಲೀಂಧ್ರದ ಬೂದಿ ರೋಗವಿದ್ದರೂ ಒಂದು ಪೊಟ್ಟಣ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಎರಡನ್ನೂ ಬೆಳೆಗೆ ಬಳಸುವುದು ನಿಲ್ಲಿಸಬೇಕು ಎಂದು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿದಾಗ ನಮ್ಮಲ್ಲಿ ಗೊಣಗಿದವರೇ ಹೆಚ್ಚು. ನಾನೂ ಗೊಣಗಿದ್ದೆ.

ಭತ್ತದ ವಿಷಯವೂ ಇದೇ. ಕೆರೆ ಅಚ್ಚುಕಟ್ಟಿನಲ್ಲಿ ಎಲೆ ತುದಿಯಿಂದ ಹಳದಿ ಆಗುತ್ತಾ, ಅಂಚು ಅಲೆ ಅಲೆಯಾಗಿ ಒಣಗುತ್ತಾ ಬರುತ್ತದೆ. ರೈತರಿಗೆ ಅದು ಗೊಬ್ಬರ ಸಾಲದ ಹಾಗೆ ಕಾಣುತ್ತದೆ. ನಮಗೆ ಯೂರಿಯಾ ಮೂಟೆ ಕಾಣುತ್ತದೆ. ಆದರೆ ಅದು ದುಂಡಾಣು ಅಂಗಮಾರಿ ರೋಗ ಆಗಿರಬಹುದು. ಅದು ಇದ್ದ ಗದ್ದೆಗೆ ಯೂರಿಯಾ ಸುರಿದರೆ ರೋಗ ಇನ್ನೂ ಜೋರಾಗುತ್ತದೆ. ಬೆಳಗಿನ ಹೊತ್ತು ಎಲೆಯ ಮೇಲೆ ಹಾಲಿನ ಹನಿಯಂತೆ ದುಂಡಾಣುವಿನ ರಸ ಕೂತಿರುತ್ತದೆ, ಒಣಗಿದ ಮೇಲೆ ಹಳದಿ ಕಾಳಾಗುತ್ತದೆ. ನೋಡಬೇಕು ಅಂದರೆ ಏಳು ಗಂಟೆಗೆ ಗದ್ದೆಗೆ ಹೋಗಬೇಕು. ನಾನು ಅಂಗಡಿ ತೆರೆಯುವುದು ಒಂಬತ್ತಕ್ಕೆ.

ಈಗ ನಿಮ್ಮ ಸುದ್ದಿಯ ‘ನಿಗೂಢ ರೋಗ’ದ ಮಾತಿಗೆ ಬರುತ್ತೇನೆ. ಹಳೆಯ ರೋಗವನ್ನೇ ನಾವು ಹೀಗೆ ಅಂದಾಜಿನಲ್ಲಿ ಹೇಳಿದರೆ, ನಿಜವಾಗಿ ಹೊಸದು ಬಂದಾಗ ಯಾರಿಗೆ ಗೊತ್ತಾಗುತ್ತದೆ? ನನ್ನ ಬಿಲ್ ಪುಸ್ತಕದಲ್ಲಿ ಎಲ್ಲವೂ ‘ಸೊರಗು’, ‘ಚುಕ್ಕೆ’, ‘ಕೊಳೆ’ ಅಷ್ಟೇ. ದಾಳಿಂಬೆಯ ದುಂಡಾಣು ಅಂಗಮಾರಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1952ರಲ್ಲಿ, ದೆಹಲಿಯಲ್ಲಿ. ಐವತ್ತು ವರ್ಷ ಕಳೆದ ಮೇಲೆ ಅದೇ ರೋಗ ಬಳ್ಳಾರಿ, ಕೊಪ್ಪಳ, ವಿಜಯಪುರದ ಕಡೆ ತೋಟಗಳನ್ನೇ ಕೀಳಿಸಿತು. ಮಹಾರಾಷ್ಟ್ರದ ರೈತರು ಹಣ್ಣಿನ ಮೇಲಿನ ಎಣ್ಣೆ ಕಲೆ ನೋಡಿ ಅದಕ್ಕೆ ‘ತೇಲ್ಯಾ’ ಎಂದು ಹೆಸರಿಟ್ಟರು. ಕಣ್ಣು ಇಷ್ಟು ಚುರುಕಾಗಿರುವವರ ಮಾತನ್ನು ಬರೆದಿಟ್ಟುಕೊಳ್ಳಲು ಹೋಬಳಿಯಲ್ಲಿ ಒಂದು ಪುಸ್ತಕವೂ ಇಲ್ಲ.

ವಿಜ್ಞಾನಿಗಳಿಗೂ ತಪ್ಪುತ್ತದೆ ಬಿಡಿ. ಬದನೆಯ ಕಿರು ಎಲೆ ರೋಗ ನಿಮ್ಮ ಓದುಗರು ನೋಡಿರುತ್ತಾರೆ. ಎಲೆ ಪುಟ್ಟದಾಗಿ ಗುತ್ತಿ ಗುತ್ತಿಯಾಗಿ ಬಂದು ಕಾಯಿಯೇ ಬಿಡುವುದಿಲ್ಲ. ಅದು ವೈರಸ್ ಎಂದು ಎಲ್ಲರೂ ನಂಬಿದ್ದರು. 1967ರಲ್ಲಿ ಜಪಾನಿನವರು ಇಂಥದ್ದೇ ರೋಗ ಬಂದ ಗಿಡಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಗೊತ್ತಾಯಿತು, ಅದು ಕೋಶದ ಗೋಡೆಯೇ ಇಲ್ಲದ ಒಂದು ಜಾತಿಯ ದುಂಡಾಣು ಅಂತ. ಈಗ ಅದನ್ನು ಫೈಟೊಪ್ಲಾಸ್ಮಾ ಅನ್ನುತ್ತಾರೆ. ಜಿಗಿ ಹುಳ ಹರಡುತ್ತದೆ.

ಹೋದ ವರ್ಷ ನನಗೂ ಒಂದು ವಿಚಿತ್ರ ಕೇಸು ಬಂತು. ಕ್ಯಾಪ್ಸಿಕಂ. ಎಲೆಯ ಮೇಲೆ ನೀರು ನೆನೆದಂಥ ಚುಕ್ಕೆ, ಆಮೇಲೆ ಎಲೆಯೇ ಉದುರುವುದು. ತಾಮ್ರ ಹೊಡೆದರೂ ಜಗ್ಗಲಿಲ್ಲ. ಚುಕ್ಕೆಯ ಅಂಚು ಕತ್ತರಿಸಿ ನೀರಿಗೆ ಹಾಕಿದರೆ ಸ್ವಲ್ಪ ಮಸುಕಾಯಿತು. ನನಗೆ ಗೊತ್ತಿದ್ದ ಯಾವ ರೋಗಕ್ಕೂ ಪೂರ್ತಿ ಹೊಂದಲಿಲ್ಲ. ಈ ಸಲವಾದರೂ ಸರಿಯಾಗಿ ಮಾಡೋಣ ಅಂತ ನಾನೇ ಮಾದರಿ ಪ್ಯಾಕ್ ಮಾಡಿ ಒಂದು ಪ್ರಯೋಗಾಲಯಕ್ಕೆ ಕಳಿಸಿದೆ. ಮೂರು ವಾರದ ಮೇಲೆ ಉತ್ತರ: ಮಾದರಿ ಕೊಳೆತಿದೆ, ಕೊಳೆಸುವ ಜೀವಿಗಳೇ ಬೆಳೆದಿವೆ. ತಪ್ಪು ನನ್ನದೇ. ಒದ್ದೆ ಎಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಬಸ್ಸಿಗೆ ಹಾಕಿದ್ದೆ. ಒಣ ಪೇಪರಿನಲ್ಲಿ ಸುತ್ತಬೇಕಿತ್ತು. ಸತ್ತ ಗಿಡ ಬೇಡ, ಅರ್ಧ ಕಾಯಿಲೆ ಬಿದ್ದ ಗಿಡ ಬೇಕಿತ್ತು. ಅಷ್ಟರಲ್ಲಿ ರೈತ ಎಲ್ಲವನ್ನೂ ಕಿತ್ತು ಬೀನ್ಸ್ ಹಾಕಿದ್ದ. ಅದು ಹೊಸ ರೋಗವೋ, ಹಳೆಯದೇ ವೇಷ ಬದಲಿಸಿತ್ತೋ, ಇನ್ನು ಯಾರೂ ಹೇಳಲಾರರು.

ಲ್ಯಾಬಿನವರಿಗೆ ಮೂರು ವಾರ ಯಾಕೆ ಬೇಕು ಅನ್ನುವುದೂ ನನಗೆ ಆಮೇಲೆ ಅರ್ಥವಾಯಿತು. ದುಂಡಾಣುವನ್ನು ಗಿಡದಿಂದ ಬೇರೆ ಮಾಡಿ ತಟ್ಟೆಯಲ್ಲಿ ಬೆಳೆಸಬೇಕು. ಒಳ್ಳೆಯ ಗಿಡಕ್ಕೆ ಅದನ್ನು ಚುಚ್ಚಿ, ಅದೇ ರೋಗ ಬರುತ್ತದಾ ನೋಡಬೇಕು. ಬಂದ ಮೇಲೆ ಆ ಗಿಡದಿಂದ ಮತ್ತೆ ಅದನ್ನೇ ತೆಗೆಯಬೇಕು. ಜೀನ್ ಪರೀಕ್ಷೆಯೂ ಇದೆ. ಇಷ್ಟಾಗದೆ ಹೊಸ ರೋಗ ಎಂದು ಹೇಳುವ ಹಾಗಿಲ್ಲ. ಸರಿಯೇ. ಆದರೆ ನನ್ನ ಕೌಂಟರ್ ಮುಂದೆ ನಿಂತವನಿಗೆ ಪೂರ್ತಿ ಹೆಸರು ಬೇಕಿಲ್ಲ. ದುಂಡಾಣುವೋ, ಶಿಲೀಂಧ್ರವೋ, ವೈರಸ್ಸೋ, ಬೇರಿಗೆ ಬೀಳುವ ಜಂತುಹುಳವೋ, ಬರೀ ನೀರು ಜಾಸ್ತಿಯಾದದ್ದೋ, ಇಷ್ಟು ಇವತ್ತೇ ಗೊತ್ತಾದರೆ ಸಾಕು. ಹೆಸರು ಮುಂದಿನ ತಿಂಗಳು ಬರಲಿ.

ಇವತ್ತಿನ ಉತ್ತರಕ್ಕೆ ದೊಡ್ಡ ಖರ್ಚಿಲ್ಲ. ಪ್ರತಿ ಹೋಬಳಿಯಲ್ಲೂ ರೈತ ಸಂಪರ್ಕ ಕೇಂದ್ರ ಇದೆ. ಅಲ್ಲಿ ಒಂದು ಸೂಕ್ಷ್ಮದರ್ಶಕ ಇಡಿ. ಸಂತೆ ದಿನ, ವಾರಕ್ಕೊಂದೇ ದಿನ, ರೋಗ ಬಲ್ಲವರೊಬ್ಬರು ಕೂರಲಿ. ನೋಡಿ ಒಂದು ಚೀಟಿ ಬರೆದುಕೊಡಲಿ. ಯಾವುದಕ್ಕೂ ಹೊಂದದ ಮಾದರಿ ಬಂದರೆ ಊರು, ತಳಿ, ಸಸಿ ತಂದ ಜಾಗ ಬರೆದುಕೊಂಡು ಅವರೇ ಸರಿಯಾಗಿ ಕಟ್ಟಿ ಲ್ಯಾಬಿಗೆ ಕಳಿಸಲಿ. ಒಂದೇ ತಿಂಗಳಲ್ಲಿ ನಾಲ್ಕು ಹೋಬಳಿಯಿಂದ ಒಂದೇ ಥರದ ಮಾದರಿ ಬಂದರೆ ಆಗ ಎಚ್ಚರಿಕೆ ಕೊಡಬಹುದು. ಆ ಚೀಟಿ ಇಲ್ಲದೆ ಸ್ಟ್ರೆಪ್ಟೊಸೈಕ್ಲಿನ್ ಕೊಡಬಾರದು ಅಂತ ನಮಗೆ ಕಡ್ಡಾಯ ಮಾಡಿದರೂ ನನ್ನ ತಕರಾರಿಲ್ಲ. ಎದುರಿನ ಅಂಗಡಿಯವನಿಗೂ ಕಡ್ಡಾಯ ಮಾಡಬೇಕು, ಅಷ್ಟೇ.

ಆ ಹುಡುಗನ ತೋಟದ ಬಗ್ಗೆ ಹೇಳಲಿಲ್ಲ. ಡ್ರೆಂಚಿಂಗ್ ನಿಲ್ಲಿಸಿದ. ಬಾಡಿದ ಗಿಡ ಬುಡಸಮೇತ ಕಿತ್ತು, ಕಾಲುವೆಗೆ ಎಸೆಯದೆ ಸುಟ್ಟ. ಕಿತ್ತ ಗುಣಿಗೆ ಬ್ಲೀಚಿಂಗ್ ಪೌಡರ್ ಹಾಕಿದ. ಅರ್ಧ ತೋಟ ಉಳಿಯಿತು. ಮುಂದಿನ ಬೆಳೆ ಟೊಮೆಟೊ, ಬದನೆ, ಮೆಣಸಿನಕಾಯಿ ಯಾವುದೂ ಬೇಡ ಅಂದಿದ್ದಕ್ಕೆ ರಾಗಿ ಹಾಕಿದ. ಆಮೇಲೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ತಂದು ಹಾಕಿದ. ಆ ತಳಿಗೆ ಈ ಸೊರಗನ್ನು ತಡೆಯುವ ಗುಣ ಇದೆ. ಇದರಲ್ಲಿ ನನ್ನ ಅಂಗಡಿಗೆ ಆದ ವ್ಯಾಪಾರ ಒಂದು ಚೀಲ ಬ್ಲೀಚಿಂಗ್ ಪೌಡರ್.

ಟೀ ಅಂಗಡಿಯವನು ಆ ಲೋಟ ವಾಪಸ್ ತೆಗೆದುಕೊಳ್ಳಲಿಲ್ಲ. ಅದೂ ಸೇರಿ ಈಗ ನನ್ನ ಹತ್ತಿರ ನಾಲ್ಕು ಲೋಟ ಇವೆ, ಕೆಂಪು ಬಣ್ಣ ಬಳಿದಿದ್ದೇನೆ, ಯಾರೂ ನೀರು ಕುಡಿಯಬಾರದು ಅಂತ. ಪರೀಕ್ಷೆಯಾದ ನೀರನ್ನು ಯಾವ ಗಿಡದ ಬುಡಕ್ಕೂ ಚೆಲ್ಲದೆ ಕುದಿಸಿ ಚೆಲ್ಲುತ್ತೇನೆ. ನಮ್ಮ ಕಡೆಯವರು ಇದನ್ನು ಓದಿದರೆ, ಜೇಬಿನಲ್ಲಿ ಎಲೆ ತರಬೇಡಿ. ಗಿಡವನ್ನು ಬುಡಸಮೇತ, ಸ್ವಲ್ಪ ಮಣ್ಣಿನ ಜೊತೆ, ಪೇಪರಿನಲ್ಲಿ ಸುತ್ತಿ ತನ್ನಿ. ಬೆಳಗ್ಗೆಯೇ ಬನ್ನಿ. ಮಧ್ಯಾಹ್ನದ ಮೇಲೆ ನಮ್ಮ ಅಂಗಡಿಯೊಳಗೆ ಬೆಳಕು ಸಾಲುವುದಿಲ್ಲ, ಆ ಬಿಳಿ ಎಳೆ ಕಾಣಿಸುವುದಿಲ್ಲ.

ಇತಿ ನಿಮ್ಮ ಓದುಗ,
ಗೊಬ್ಬರದ ಅಂಗಡಿಯವ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ