ಓಯಿವಾಳ ಬಾಚಣಿಗೆ ಮತ್ತು ನನ್ನ ಋಣಗಳು

ಜಪಾನಿನ ಹಳೆಯ ಪ್ರೇತಕಥೆಗಳ ಸಂಕೇತಗಳನ್ನು ಕುರಿತ ನನ್ನ ಪಿಎಚ್‌.ಡಿ. ಪ್ರಬಂಧಕ್ಕೆ ಕಳೆದ ವಾರ ಒಪ್ಪಿಗೆ ಸಿಕ್ಕಿತು. ನಡುವೆ ಅಪ್ಪ ತೀರಿಕೊಂಡಾಗ ಬರೆಯುವ ಶಕ್ತಿಯೇ ಉಡುಗಿತ್ತು. ಮತ್ತೆ ಮೇಜಿನ ಮುಂದೆ ಕೂರಿಸಿದವರನ್ನು ಎಲ್ಲರೆದುರು ನೆನೆಯಬೇಕು.

ಮೊದಲ ನಮಸ್ಕಾರ ನನ್ನ ಮಾರ್ಗದರ್ಶಕಿಗೆ. "ಭಯದ ಮಾತು ಆಮೇಲೆ. ಪ್ರೇತವಾದವಳು ಏನು ಉಟ್ಟಿದ್ದಾಳೆ, ಕೈಯಲ್ಲಿ ಏನಿದೆ, ಅದನ್ನು ನೋಡಿ" ಎಂದವರು ಅವರು. ಪ್ರೇತದ ಬಿಳಿ ಉಡುಪೂ ಹಣೆಯ ಮೇಲಿನ ತ್ರಿಕೋನ ಬಟ್ಟೆಯೂ ಶವಕ್ಕೆ ತೊಡಿಸುವಂಥವು ಎಂಬುದನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಆದರೆ ಅವರ ಮಾತು ಹಿಡಿದು 'ಯೋತ್ಸುಯಾ ಕೈದಾನ್' ನಾಟಕವನ್ನು ಓದಿದಾಗ ಎದೆ ನಡುಗಿತು. ನಾಲ್ಕನೆಯ ತ್ಸುರುಯಾ ನಂಬೊಕು ಬರೆದ ಈ ಕಬುಕಿ (ಜಪಾನಿನ ಸಾಂಪ್ರದಾಯಿಕ ರಂಗಪ್ರಕಾರ) ನಾಟಕ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, 1825ರಲ್ಲಿ ಮೊದಲು ರಂಗಕ್ಕೆ ಬಂತು. ಬಾಣಂತಿ ಓಯಿವಾಳಿಗೆ ನೆರೆಮನೆಯವರು ಔಷಧಿಯೆಂದು ವಿಷ ಕಳಿಸುತ್ತಾರೆ. ಅವಳ ಗಂಡ ಇಯೆಮೊನ್ ತಮ್ಮ ಮನೆಯ ಹುಡುಗಿಗೆ ಬೇಕು ಎಂಬುದೇ ಕಾರಣ. ಅವನೋ, ಅಡವಿಡಲೆಂದು ಕೂಸಿನ ಸೊಳ್ಳೆಪರದೆಯನ್ನೂ ಕಿತ್ತುಕೊಳ್ಳುತ್ತಾನೆ. ಬಿಡದೆ ಹಿಡಿದ ಓಯಿವಾಳ ಉಗುರು ಕಿತ್ತುಬರುತ್ತದೆ. ಮುಖ ವಿಕಾರಗೊಂಡ ಮೇಲೂ ಅವಳು ಆ ಮನೆಯವರ ಮುಂದೆ ಮರ್ಯಾದೆಯಾಗಿ ನಿಲ್ಲಬೇಕೆಂದು ತಾಯಿಯ ನೆನಪಿನ ಬಾಚಣಿಗೆ ಎತ್ತಿಕೊಳ್ಳುತ್ತಾಳೆ. ಕೂದಲು ಹಿಡಿಹಿಡಿಯಾಗಿ ಉದುರುತ್ತದೆ, ರಕ್ತ ಸುರಿಯುತ್ತದೆ. ಆಗ ಅವಳಿನ್ನೂ ಬದುಕಿದ್ದಾಳೆ! ಪ್ರೇತದ ಲಕ್ಷಣಗಳೆಂದು ನಾವು ಗುರುತಿಸುವುದೆಲ್ಲ ಜೀವಂತ ಹೆಣ್ಣಿನ ಮೈಮೇಲೆ ಇತರರು ಮಾಡಿದ ಗಾಯಗಳು. ನನ್ನ ಪ್ರಬಂಧ ನಿಂತಿರುವುದು ಇದರ ಮೇಲೆ.

ಟೋಕಿಯೊದಲ್ಲಿ ನನಗೆ ಕೋಣೆ ಕೊಟ್ಟಿದ್ದ ಅಜ್ಜಿಯ ಋಣ ಬೇರೆಯದೇ. ಓಬೊನ್ ಹಬ್ಬದಲ್ಲಿ ಸತ್ತವರನ್ನು ಮನೆಗೆ ಕರೆಯಲು ಬಾಗಿಲ ಬಳಿ ಬೆಂಕಿ ಹಚ್ಚುವಾಗ ಅವರು ತಮ್ಮ ಹಿರಿಯರ ಜೊತೆ ನನ್ನ ಅಪ್ಪನ ಹೆಸರನ್ನೂ ಹೇಳಿದರು. ನಾನು ಕೇಳಿರಲಿಲ್ಲ. ಓಬೊನ್ ರಾತ್ರಿಯಲ್ಲಿ ಸತ್ತ ಹುಡುಗಿ ಓತ್ಸುಯು ತನ್ನ ಪ್ರಿಯನನ್ನು ಹುಡುಕಿ ಬರುವ 'ಬೋತಾನ್ ದೋರೋ' ಕಥೆಯ ದೀಪ ನನಗೆ ಅರ್ಥವಾದದ್ದು ಆಗಲೇ. ಸೇವಕಿ ಹಿಡಿದ ಪಿಯೋನಿ ಹೂವಿನ ಆ ಲಾಂದ್ರ ಹೆದರಿಸಲು ಇರುವುದಲ್ಲ, ಸತ್ತವರಿಗೆ ದಾರಿ ತೋರಿಸಲು.

ಟೋಕಿಯೊದ ಯನಕಾ ಬಡಾವಣೆಯ ಜೆನ್‌ಶೋ-ಆನ್ ದೇವಾಲಯದವರಿಗೂ ವಂದನೆ. ಕಥೆಗಾರ ಸಾನ್‌ಯೂತೇ ಎಂಚೊ ಸಂಗ್ರಹಿಸಿದ ಪ್ರೇತಚಿತ್ರಗಳನ್ನು ಅಲ್ಲಿ ಪ್ರತಿ ಆಗಸ್ಟ್‌ನಲ್ಲಿ ತೆರೆದಿಡುತ್ತಾರೆ. ಪಾದಗಳಿಲ್ಲದೆ ಮಂಜಿನಂತೆ ಕರಗುವ ಆ ಹೆಂಗಸರ ಮುಂದೆ ಎಷ್ಟು ಹೊತ್ತು ನಿಂತರೂ ಯಾರೂ ನನ್ನನ್ನು ಅವಸರಪಡಿಸಲಿಲ್ಲ. ಕರಡು ತಿದ್ದಿದ ಗೆಳತಿಯರೇ, ನಿಮ್ಮ ಕಣ್ಣಿಗೆ ಬೀಳದ ವಾಕ್ಯ ಒಂದೂ ಇಲ್ಲ.

ಕೊನೆಗೆ ಅಮ್ಮ. ಫೋನಿನಲ್ಲಿ ಓಯಿವಾಳ ಕಥೆ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಮಗು ಏನಾಯಿತು?" ವಿಮರ್ಶಕರ ಬರಹಗಳಲ್ಲಿ ಮುಳುಗಿದ್ದ ನಾನು ಮತ್ತೆ ನಾಟಕಕ್ಕೆ ಹೋದೆ. ಓಯಿವಾ ಇಲಿಯ ವರ್ಷದಲ್ಲಿ ಹುಟ್ಟಿದವಳು; ಅವಳ ಸಿಟ್ಟು ಇಲಿಗಳಾಗಿ ರಂಗಕ್ಕೆ ಬರುತ್ತದೆ, ಆ ಇಲಿಗಳೇ ಮಗುವನ್ನು ಕಚ್ಚಿಕೊಂಡು ಹೋಗುತ್ತವೆ. ಅದು ಸೇಡೋ, ಅಂಥ ತಂದೆಯ ಕೈಯಿಂದ ಬಿಡಿಸಿಕೊಳ್ಳುವುದೋ? ಪ್ರಬಂಧದ ಕೊನೆಯ ಅಧ್ಯಾಯ ಅಮ್ಮನ ಆ ಪ್ರಶ್ನೆಯಿಂದಲೇ ಹುಟ್ಟಿತು. ಅರ್ಪಣೆಯ ಪುಟದಲ್ಲಿ ಅಪ್ಪನ ಪಕ್ಕ ಅವರ ಹೆಸರಿದೆ.